ಭಾರದ ಕೆಳಗಿರುವ ಸಹೋದರಿ

ಆ ಊರು ಯಾವ ದಿಕ್ಕಿಗಿದೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ, ಸದ್ಯ ನಮ್ಮೂರಲ್ಲವಲ್ಲ ಎಂದು ನೀವು ಕಾಲು ಚಾಚಿ ನೆಮ್ಮದಿಯಾಗಿ ಕೂರುತ್ತೀರಿ. ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಶುರುವಾದದ್ದು ಮುಗಿಯುವ ತನಕ ನಡುವೆ ಯಾರೂ ಬರಬಾರದು. ಮಾತಿನ ನಡುವೆ ಬರಬಾರದು, ಊಟದ ನಡುವೆ ಬರಬಾರದು, ಕೆಲಸದ ನಡುವೆ ಬರಬಾರದು. ಪ್ರಾರ್ಥನೆಯ ನಡುವೆಯಂತೂ ದೇವರಾಣೆ ಬರಬಾರದು. ಅಲ್ಲಿ ಮಕ್ಕಳನ್ನು ಬೈಯುವಾಗ ಕತ್ತೆ, ಕೋತಿ ಎನ್ನುತ್ತಿರಲಿಲ್ಲ, 'ನಡುವೆ ಬಂದವನೇ' ಎನ್ನುತ್ತಿದ್ದರು. ಕ್ಷೌರಕ್ಕೆ ಕೂತವನ ಮನೆಗೆ ಬೆಂಕಿ ಬಿದ್ದರೆ, ಸುದ್ದಿ ತಂದವನು ಕೈಕಟ್ಟಿ ನಿಂತು, ಎರಡನೆಯ ಕೆನ್ನೆಯೂ ಮುಗಿದ ಮೇಲೆ ಒಮ್ಮೆ ಕೆಮ್ಮಿ ವಿಷಯ ತಿಳಿಸುತ್ತಿದ್ದ. ಮನೆ ಕಳೆದುಕೊಂಡವನು, ಎಷ್ಟು ಒಳ್ಳೆಯ ನಡತೆಯಪ್ಪಾ ನಿನ್ನದು ಎಂದು ಅವನ ಬೆನ್ನು ತಟ್ಟುತ್ತಿದ್ದ.

ಪ್ರಾರ್ಥನೆಯ ಮನೆ ಊರ ನಟ್ಟನಡುವೆ ಇತ್ತು. ನಡುವೆ ಬರಲು ಅದೊಂದಕ್ಕೆ ಮಾತ್ರ ಅಪ್ಪಣೆ ಇತ್ತೆಂದು ಕಾಣುತ್ತದೆ. ಬೆಳಗಾದರೆ ಗಂಟೆ ಹೊಡೆಯುತ್ತಿತ್ತು. ಕೈಕಾಲು ಗಟ್ಟಿ ಇರುವ ಗಂಡಸರು, ಹೆಂಗಸರು ಬಿಳಿ ಬಟ್ಟೆ ಉಟ್ಟು ಒಳಗೆ ಹೋಗುತ್ತಿದ್ದರು. ಅಯ್ಯನವರು ಪೀಠದ ಮೇಲೆ ನಿಂತು 'ಕರ್ತನೇ' ಎನ್ನುತ್ತಿದ್ದರು. ಅಗುಳಿ ಬೀಳುತ್ತಿತ್ತು. ಅಯ್ಯನವರ ಬಾಯಿಂದ 'ಆಮೆನ್' ಬರುವ ತನಕ ಆ ಅಗುಳಿ ಏಳುತ್ತಿರಲಿಲ್ಲ. ನಡುವೆ ಯಾರಾದರೂ ಬಂದರೆ ಅಷ್ಟೂ ಪ್ರಾರ್ಥನೆ ಹಾಳು, ಮತ್ತೆ ಮೊದಲ ಮಾತಿನಿಂದ ಶುರು ಮಾಡಬೇಕು. ಹೊರಗೆ ಉಳಿಯುತ್ತಿದ್ದವರು ಮುದುಕರು, ಕಾಯಿಲೆಯವರು, ಒಂದು ದಿನ ದುಡಿಯದಿದ್ದರೆ ಒಲೆ ಹಚ್ಚಲಾಗದವರು. ಒಳಗೆ ಕೂತವರು ದಿನವಿಡೀ ಪ್ರಾರ್ಥಿಸುತ್ತಿದ್ದದ್ದು ಇವರಿಗಾಗಿಯೇ.

ಆ ಮನೆಗೆ ಎರಡು ಬಾಗಿಲು. ಹೊರಬಾಗಿಲಿಗೂ ಒಳಬಾಗಿಲಿಗೂ ಮಧ್ಯೆ ಒಬ್ಬರು ಕೂರುವಷ್ಟು ಜಾಗ. ಅಲ್ಲಿ ಹನ್ನೊಂದು ವರ್ಷದಿಂದ ಒಬ್ಬ ಹೆಂಗಸು ಕೂತಿದ್ದಳು. ಊರು ಅವಳನ್ನು ಬಾಗಿಲಮ್ಮ ಎಂದು ಕರೆಯುತ್ತಿತ್ತು, ಅವಳಿಗೂ ತನ್ನ ಬೇರೆ ಹೆಸರು ಮರೆತಂತಾಗಿತ್ತು. ಯಾರಾದರೂ ತಟ್ಟಿದರೆ ಅವಳು ಹೊರಗಿನ ಕಿಂಡಿ ತೆರೆಯುತ್ತಿದ್ದಳು. ಕಷ್ಟ ಕೇಳುತ್ತಿದ್ದಳು. ಚೀಟಿಯಲ್ಲಿ ಬರೆಯುತ್ತಿದ್ದಳು. ಒಳಗಿನ ಕಿಂಡಿಯಿಂದ ಚೀಟಿಯನ್ನು, ಅಲ್ಲೇ ಕೂತಿರುತ್ತಿದ್ದ ಸಭೆಯ ಹಿರಿಯರೊಬ್ಬರಿಗೆ ಕೊಡುತ್ತಿದ್ದಳು. ಹಿರಿಯರು ಅದರ ಭಾಷೆ ತಿದ್ದಿ ಅಯ್ಯನವರ ಕೈಗೆ ದಾಟಿಸುತ್ತಿದ್ದರು. ಅಯ್ಯನವರು ಅದನ್ನು ಪ್ರಾರ್ಥನೆಗೆ ಸೇರಿಸುತ್ತಿದ್ದರು. ಬಾಗಿಲಮ್ಮ ಮತ್ತೆ ಹೊರಗಿನ ಕಿಂಡಿಗೆ ಬಾಯಿಟ್ಟು, "ಜ್ಞಾಪಿಸಿಕೊಂಡಿದ್ದಾರೆ, ಸಮಾಧಾನದಿಂದ ಹೋಗಿ" ಎನ್ನುತ್ತಿದ್ದಳು.

ಹಿಂದೆಲ್ಲ ಹುಲ್ಲಿನ ಮೇಲಿನ ಇಬ್ಬನಿ ಆರುವಷ್ಟರಲ್ಲಿ ಆಮೆನ್ ಬರುತ್ತಿತ್ತಂತೆ. ಈಗ ಹೊತ್ತು ಇಳಿದರೂ ಬರುತ್ತಿರಲಿಲ್ಲ. ತಟ್ಟಿದವರೆಲ್ಲ ಚೀಟಿಯಾದರು, ಚೀಟಿಯೆಲ್ಲ ಪ್ರಾರ್ಥನೆಯಾಯಿತು, ಪ್ರಾರ್ಥನೆ ಉದ್ದವಾದಷ್ಟೂ ಬಾಗಿಲು ತಡವಾಯಿತು, ಬಾಗಿಲು ತಡವಾದಷ್ಟೂ ತಟ್ಟುವವರು ಹೆಚ್ಚಿದರು. ಇದಕ್ಕೆ ಒಳಗಿನವರು ಸಭೆಯ ಬೆಳವಣಿಗೆ ಎಂದು ಹೆಸರಿಟ್ಟಿದ್ದರು. ಬಾಗಿಲಮ್ಮನಿಗೂ ಈ ಬೆಳವಣಿಗೆಯ ಬಗ್ಗೆ ಹೆಮ್ಮೆಯಿತ್ತು. ಹನ್ನೊಂದು ವರ್ಷದಲ್ಲಿ ಒಂದು ತಟ್ಟು ಕೂಡ ತನ್ನನ್ನು ದಾಟಿ ಒಳಗೆ ಹೋಗಿಲ್ಲ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಅದನ್ನು ಕೇಳಿದವರು ತಲೆದೂಗುತ್ತಿದ್ದರು.

ಒಂದು ದಿನ ಬೆಳಿಗ್ಗೆ, 'ಕರ್ತನೇ' ಎಂದು ಅಗುಳಿ ಬಿದ್ದ ಸ್ವಲ್ಪ ಹೊತ್ತಿಗೆ, ಯಾರೋ ಎರಡೂ ಕೈಯಿಂದ ಬಾಗಿಲು ಬಡಿದರು. ಬಾಗಿಲಮ್ಮ ಕಿಂಡಿ ತೆರೆದಳು. ಮನೆಮನೆಗೆ ಉಪ್ಪು ಮಾರುವವಳು ನಿಂತಿದ್ದಳು. ತಲೆಯೆಲ್ಲ ಮಣ್ಣು.

"ಅಮ್ಮಾ, ಬಾಗ್ಲು ತಗೀರಿ. ನಮ್ಮನೆ ಗ್ವಾಡೆ ಬಿದ್ದೋಯ್ತು. ನಮ್ಮಕ್ಕ ಸುವಾರ್ತಮ್ಮ ತೊಲೆ ಅಡೀಲಿ ಸಿಕ್ಕಾಕ್ಕೊಂಡವ್ಳೆ. ಜೀವ ಅದೆ, ಮಾತಾಡ್ತಾವ್ಳೆ. ಭಾರ ಅಂದ್ರೆ ಭಾರ, ನನ್ನೊಬ್ಳ ಕೈಲಿ ಎತ್ತಕಾಯ್ತಿಲ್ಲ. ದುಡಿಯೋರೆಲ್ಲ ಹೊಲಕ್ಕೋಗವ್ರೆ. ನಾಕು ಜನ ಬಂದ್ರೆ ಸಾಕು."

"ಪ್ರಾರ್ಥನೆ ನಡೀತಾ ಇದೆ ಕಣಮ್ಮ," ಎಂದಳು ಬಾಗಿಲಮ್ಮ. "ಬರ್ಕೊಳ್ತೀನಿ, ಹೇಳು."

"ಬರಿಯೋದೇನಮ್ಮ ಇದ್ರಲ್ಲಿ? ಎರಡು ಬೀದಿ ಆಚೆಗೆ. ಬಂದು ಎತ್ತಬೇಕು ಅಷ್ಟೆ."

ಬಾಗಿಲಮ್ಮ ಬರೆದಳು. ಬರೆಯುವುದು ಬಿಟ್ಟು ಅವಳಿಗೆ ಬೇರೇನೂ ಗೊತ್ತಿರಲಿಲ್ಲ. 'ಉಪ್ಪಿನವಳ ಅಕ್ಕ ಸುವಾರ್ತಮ್ಮ ತೊಲೆಯ ಭಾರದ ಕೆಳಗಿದ್ದಾಳೆ. ಎತ್ತಲು ನಾಲ್ಕು ಜನ ಬೇಕು.' ಒಳಗಿನ ಕಿಂಡಿಗೆ ಚೀಟಿ ಹೋಯಿತು. ಹಿರಿಯರು ಕನ್ನಡಕ ಏರಿಸಿ ಓದಿದರು. ಪ್ರಾರ್ಥನೆಯಲ್ಲಿ ಹೆಸರು ಹೇಳುವ ವಾಡಿಕೆ ಇಲ್ಲವೆಂದು ಹೆಸರು ಹೊಡೆದರು. ಕರ್ತನ ಮುಂದೆ ನಾಲ್ಕು ಜನರನ್ನು ಬೇಡುವುದು ಅಪನಂಬಿಕೆಯೆಂದು ನಾಲ್ಕು ಜನರನ್ನೂ ಹೊಡೆದರು. ತೊಲೆ ಎಂಬ ಮಾತು ಒರಟಾಗಿ ಕಂಡಿತು, ಅದನ್ನೂ ತೆಗೆದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಯ್ಯನವರ ಜೇನಿನಂಥ ದನಿ ಕೇಳಿಸಿತು.

"ಭಾರದ ಕೆಳಗಿರುವ ಒಬ್ಬ ಸಹೋದರಿಯನ್ನು ನಿನ್ನ ಪಾದಕ್ಕೆ ತರುತ್ತೇವೆ, ಕರ್ತನೇ. ಅವಳ ಮನಸ್ಸಿನ ಭಾರವನ್ನು ಹಗುರ ಮಾಡು."

ಮುನ್ನೂರು ಜನ ನಿಟ್ಟುಸಿರು ಬಿಟ್ಟರು. ಅವರಲ್ಲಿ ಯಾರಿಗೆ ತಾನೇ ಮನಸ್ಸಿನ ಭಾರ ಇಲ್ಲ? ಪ್ರತಿಯೊಬ್ಬರೂ ತಮ್ಮ ತಮ್ಮ ಭಾರ ನೆನೆದು ಕಣ್ಣು ಒರೆಸಿಕೊಂಡರು. ಬಾಗಿಲಮ್ಮ ಕಿಂಡಿಗೆ ಬಂದು, "ಜ್ಞಾಪಿಸಿಕೊಂಡಿದ್ದಾರೆ, ಸಮಾಧಾನದಿಂದ ಹೋಗು" ಎಂದಳು. ಉಪ್ಪಿನವಳು ಅವಳ ಮುಖವನ್ನೇ ನೋಡಿದಳು. ಆ ಮೇಲೆ ಬಂದ ದಾರಿಯಲ್ಲಿ ಓಡಿದಳು. ಎಷ್ಟು ಬೇಗ ಓಡಿದಳೆಂದರೆ, ನಾಲ್ಕು ಜನ ಹಿಂದೆಯೇ ಬರುತ್ತಾರೆ ಎಂದುಕೊಂಡಿದ್ದಳೋ ಏನೋ.

ಹೊತ್ತು ನೆತ್ತಿಗೆ ಬಂತು. ಮತ್ತೆ ಬಾಗಿಲು ಬಡಿದ ಸದ್ದು. ಬಾಗಿಲಮ್ಮ ಕಿಂಡಿ ತೆರೆದಳು. ಉಪ್ಪಿನವಳ ಉಗುರು ಕಿತ್ತುಹೋಗಿ ರಕ್ತ ಬರುತ್ತಿತ್ತು.

"ಯಾರೂ ಬರಲೇ ಇಲ್ವಲ್ಲಮ್ಮ? ಮಣ್ಣೆಲ್ಲ ತೆಗದೆ. ತೊಲೆ ಮಾತ್ರ ಅಲ್ಲಾಡಲ್ದು. ಅಕ್ಕ ನೀರು ಕೇಳಿದ್ಳು, ಕೊಟ್ಟೆ. ಕಾಲು ತಣ್ಣಗಾಯ್ತಾ ಅದೆ ಕಣೇ ಅಂತಾಳೆ. ಬೇಗ ಹೇಳಿ ಅವ್ರಿಗೆ."

ಬಾಗಿಲಮ್ಮ ಚೀಟಿಯ ತುಂಬ ದಪ್ಪಕ್ಷರದಲ್ಲಿ 'ತೊಲೆ, ತೊಲೆ, ಮರದ ತೊಲೆ' ಎಂದು ಬರೆದು ಕಿಂಡಿಗೆ ತುರುಕಿದಳು. ಹಿರಿಯರ ಅರ್ಧ ಮುಖ ಕಾಣಿಸಿತು.

"ಈ ಸಹೋದರಿಯನ್ನು ಆಗಲೇ ಜ್ಞಾಪಿಸಿಕೊಂಡೆವಲ್ಲ?"

"ಮನಸ್ಸಿನ ಭಾರ ಅಲ್ಲ ಹಿರಿಯರೇ. ತೊಲೆ ಬಿದ್ದಿದೆ."

"ತೊಲೆ!" ಎಂದರು ಹಿರಿಯರು. ಅವರ ಕಣ್ಣು ಒದ್ದೆಯಾಯಿತು. "ಎಂಥ ಮಾತು ಕಳಿಸಿದ್ದಾಳೆ ನೋಡು. ಇದು ನಮಗೆಲ್ಲ ಬೇಕಾದ ಮಾತು."

ನೀವು ಊಹಿಸಿರಬೇಕು. ಆ ಜನಕ್ಕೆ ತೊಲೆ ಎಂದರೆ ಗೊತ್ತಿದ್ದದ್ದು ಒಂದೇ ತೊಲೆ, ತನ್ನ ಕಣ್ಣಲ್ಲಿ ಅದನ್ನಿಟ್ಟುಕೊಂಡು ನೆರೆಯವನ ಕಣ್ಣಿನ ಕಸ ಹುಡುಕಬೇಡ ಎಂದು ಯೇಸುಸ್ವಾಮಿ ಹೇಳಿದ್ದರಲ್ಲ, ಆ ತೊಲೆ. ಅಯ್ಯನವರ ದನಿ ಏರಿತು. "ಕರ್ತನೇ, ನಮ್ಮ ನಮ್ಮ ಕಣ್ಣಿನಲ್ಲಿರುವ ತೊಲೆಯನ್ನು ತೋರಿಸು! ತೊಲೆಯನ್ನು ತೆಗೆದುಹಾಕು!" ಮುನ್ನೂರು ಜನ ಎದೆ ಬಡಿದುಕೊಂಡು ಹೋ ಎಂದು ಅತ್ತರು. ಒಬ್ಬೊಬ್ಬರೂ ತಮ್ಮ ತಪ್ಪು ಒಪ್ಪಿಕೊಂಡರು. ಆ ಊರಿನಲ್ಲಿ ಅಷ್ಟು ದೊಡ್ಡ ಪಶ್ಚಾತ್ತಾಪ ಹಿಂದೆಂದೂ ಆಗಿರಲಿಲ್ಲವಂತೆ. ಎರಡು ಬೀದಿ ಆಚೆಗೆ ಒಂದು ನಿಜವಾದ ತೊಲೆ ಒಬ್ಬಳ ಸೊಂಟದ ಮೇಲೆ ಕೂತಿತ್ತು. ಇದನ್ನು ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಅಳುವಿನ ಸದ್ದು ಎರಡೂ ಬಾಗಿಲು ದಾಟಿ ಹೊರಗೆ ಹೋಯಿತು. ಉಪ್ಪಿನವಳ ಮುಖ ಅರಳಿತು.

"ಗೊತ್ತಾಯ್ತಾ ಅವ್ರಿಗೆ? ಅಳ್ತಾವ್ರಲ್ಲ. ಬತ್ತಾವ್ರೆ ಅಲ್ವಾ?"

"ಜ್ಞಾಪಿಸಿಕೊಂಡಿದ್ದಾರೆ," ಎಂದುಬಿಟ್ಟಳು ಬಾಗಿಲಮ್ಮ. "ಸಮಾಧಾನದಿಂದ ಹೋಗು."

ಹನ್ನೊಂದು ವರ್ಷದ ಅಭ್ಯಾಸ, ಬಾಯಿ ತಾನಾಗಿ ಆಡಿತ್ತು. ಆಡಿದ ಮೇಲೆ ತನ್ನ ನಾಲಿಗೆ ಕಿತ್ತು ಬಿಸಾಕಬೇಕು ಅನ್ನಿಸಿತು ಅವಳಿಗೆ. ಉಪ್ಪಿನವಳು ಈ ಸಲ ಓಡಲಿಲ್ಲ. ಗೋಡೆ ಹಿಡಿದುಕೊಂಡು ನಡೆದಳು.

ಬಿಸಿಲು ಪಶ್ಚಿಮಕ್ಕೆ ವಾಲಿತು. ಬಾಗಿಲು ಯಾರೂ ತಟ್ಟಲಿಲ್ಲ. ತಟ್ಟದಿದ್ದರೂ ಬಾಗಿಲಮ್ಮ ಕಿಂಡಿ ತೆರೆದಳು. ಹನ್ನೊಂದು ವರ್ಷದಲ್ಲಿ ತಟ್ಟದೆ ತೆರೆದದ್ದು ಅದೇ ಮೊದಲು. ಮೆಟ್ಟಿಲ ಮೇಲೆ ಉಪ್ಪಿನವಳು ಕೂತಿದ್ದಳು.

"ಯಾಕೆ ತಟ್ಟಲಿಲ್ಲ?"

"ತಟ್ಟಿದ್ರೆ ನೀವು ಬರ್ಕೊಳ್ತೀರಿ," ಎಂದಳು ಅವಳು. "ಅಕ್ಕ ಮಾತು ನಿಲ್ಸವ್ಳೆ. ಅಕ್ಕಾ ಅಂದ್ರೆ ಹ್ಞೂಂ ಅಂತಾಳೆ, ಅಷ್ಟೆ. ಇಲ್ಲಿಗೆ ಬಂದ್ರೆ ಅಲ್ಲಿ ಕರಿಯೋರಿಲ್ಲ. ಅಲ್ಲೇ ಕುಂತ್ರೆ ಇಲ್ಲಿ ಕೇಳೋರಿಲ್ಲ. ನಾನು ಎಲ್ಲಿರ್ಲಿ, ನೀವೇ ಹೇಳಿ."

"ನಾನು ಬರ್ತೀನಿ ತಾಳು."

"ನಾವಿಬ್ರೇ ಎತ್ತಕಾಯ್ತದಾ? ನಿಮ್ಮ ಹಿಂದೆ ಮುನ್ನೂರು ಜನ ಅವ್ರಲ್ಲ!"

ಬಾಗಿಲಮ್ಮನಿಗೆ ತಾನು ಇಷ್ಟು ವರ್ಷ ಯಾರಿಗೆ ಕಾವಲಿದ್ದೆ ಎಂಬ ಪ್ರಶ್ನೆ ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಕಿಂಡಿಯ ಆಚೆ ನಿಂತು ಹೋದ ಮುಖಗಳೆಲ್ಲ ಒಂದೊಂದಾಗಿ ನೆನಪಾದವು. ಜ್ವರದ ಮಗು ಎತ್ತಿಕೊಂಡು ಬಂದವಳು, ಕಣ್ಣು ಕಾಣದೆ ದಾರಿ ತಪ್ಪಿದವನು, ಬರೀ ಎರಡು ಮಾತಾಡಲು ಯಾರಾದರೂ ಬೇಕೆಂದು ಬಂದಿದ್ದ ಆ ಒಂಟಿ ಮುದುಕಿ. ಎಲ್ಲರನ್ನೂ ಅವಳು ಚೀಟಿ ಮಾಡಿ ಕಳಿಸಿದ್ದಳು, ಸಮಾಧಾನದಿಂದ. ಅವಳು ತಿರುಗಿ ಒಳಗಿನ ಕಿಂಡಿಯನ್ನು ಮುಷ್ಟಿಯಿಂದ ಗುದ್ದಿದಳು.

"ಹಿರಿಯರೇ, ಅಗುಳಿ ತೆಗೀರಿ."

"ಮೆಲ್ಲಗೆ! ಇನ್ನು ಎಪ್ಪತ್ತು ಚೀಟಿ ಇದೆ. ಆಮೆನ್ ಆದ ಕೂಡಲೇ ಎಲ್ಲರೂ ಬರುತ್ತಾರೆ, ನಾನೇ ಕರೆದುಕೊಂಡು ಬರುತ್ತೇನೆ."

"ಅಷ್ಟರಲ್ಲಿ ಅವಳು ಸಾಯ್ತಾಳೆ."

"ಯೋಚನೆ ಮಾಡಿ ಮಾತಾಡು ತಾಯಿ. ಈಗ ನಡುವೆ ಎಬ್ಬಿಸಿದರೆ ಮೊದಲಿನಿಂದ ಶುರು ಮಾಡಬೇಕು. ಬೆಳಗಿನಿಂದ ಇನ್ನೂರು ಜನರ ಕಷ್ಟ ಹೇಳಿದ್ದೇವೆ, ಅಷ್ಟೂ ನೀರುಪಾಲು. ಒಬ್ಬಳಿಗಾಗಿ ಇನ್ನೂರು ಜನರನ್ನು ಕೈಬಿಡಲೇ?"

ಹಿರಿಯರು ಕೆಟ್ಟವರಲ್ಲ. ಅದೇ ನನಗೆ ಸಿಟ್ಟು ಬರಿಸುವ ಸಂಗತಿ. ಕೆಟ್ಟವರಾಗಿದ್ದರೆ ನಾಲ್ಕು ಬೈದು ಮುಗಿಸಬಹುದಿತ್ತು.

ಬಾಗಿಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಒಳಬಾಗಿಲಿಗೆ ಹೆಗಲು ಕೊಟ್ಟಳು. ಅದು ಹಳೆಯ ಬಾಗಿಲು. ಯಾರೂ ಎಂದೂ ಅದನ್ನು ದೂಡಿ ನೋಡಿರಲಿಲ್ಲ, ದೂಡಿದರೆ ಅಗುಳಿ ಇಷ್ಟು ಸುಲಭವಾಗಿ ಮುರಿಯುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅವಳು ಸಾಲುಗಳ ಮಧ್ಯೆ ನಡೆದು ಪೀಠದ ಮುಂದೆ ನಿಂತಳು. ಅಯ್ಯನವರು ಕಣ್ಣು ಮುಚ್ಚಿಕೊಂಡಿದ್ದರು. ಮುನ್ನೂರು ಜನ ಕಣ್ಣು ಮುಚ್ಚಿಕೊಂಡಿದ್ದರು.

"ಆಮೆನ್!" ಎಂದು ಕಿರುಚಿದಳು ಬಾಗಿಲಮ್ಮ.

"ಆಮೆನ್," ಎಂದರು ಮುನ್ನೂರು ಜನ ಒಂದೇ ಉಸಿರಿಗೆ, ಮತ್ತು ಎದ್ದು ನಿಂತರು. ಎದ್ದ ಮೇಲೆ ಕಣ್ಣು ಬಿಟ್ಟರು. ಬಿಟ್ಟ ಮೇಲೆ ಗಾಬರಿಯಾದರು. ಅಯ್ಯನವರ ಬಾಯಿ ಅರ್ಧ ವಾಕ್ಯದಲ್ಲಿ ತೆರೆದೇ ಇತ್ತು.

"ನಡುವೆ ಬಂದೆಯಾ?" ಎಂದರು ಅವರು. ಆ ಜೇನಿನ ದನಿಯಲ್ಲಿ ಅಂಥ ಬೈಗುಳ ಯಾರೂ ಕೇಳಿರಲಿಲ್ಲ. "ನಾನು ಪ್ರಾರ್ಥನೆ ಮಾಡುತ್ತಿದ್ದೆ!"

"ಯಾರಿಗೋಸ್ಕರ ಅಯ್ಯನವರೇ?"

"ಭಾರದ ಕೆಳಗಿರುವ ಸಹೋದರಿಗಾಗಿ."

"ಅವಳು ಎರಡು ಬೀದಿ ಆಚೆಗಿದ್ದಾಳೆ. ಬೆಳಗಿನಿಂದ ಇದ್ದಾಳೆ. ಮನಸ್ಸಿನ ಭಾರ ಅಲ್ಲ, ಕಣ್ಣಿನ ತೊಲೆ ಅಲ್ಲ. ಮಾಳಿಗೆ ತೊಲೆ!" ಅವಳು ಪೀಠದ ಹಿಂದಿನ ಗೋಡೆಗೆ ಬೆರಳು ಮಾಡಿದಳು. ಅಲ್ಲಿ ದೊಡ್ಡದೊಂದು ಚಿತ್ರವಿತ್ತು. ಯೇಸುಸ್ವಾಮಿ ಮನೆಯೊಳಗೆ ಬೋಧಿಸುತ್ತಿದ್ದಾರೆ, ನಾಲ್ಕು ಜನ ಮಾಳಿಗೆ ಕಿತ್ತು, ಕೈಕಾಲು ಬಿದ್ದವನೊಬ್ಬನನ್ನು ಹಾಸಿಗೆ ಸಮೇತ ಅವರ ಮುಂದೆ ಇಳಿಸುತ್ತಿದ್ದಾರೆ. "ದಿನಾ ಅದರ ಕೆಳಗೆ ನಿಂತ್ಕೊತೀರಲ್ಲ, ಒಂದು ದಿನವಾದ್ರೂ ತಲೆ ಎತ್ತಿ ನೋಡಿದ್ದೀರಾ? ಸ್ವಾಮಿ ಪ್ರಸಂಗ ಮಾಡ್ತಾ ಇದ್ರು. ತಲೆ ಮೇಲೆ ಮಣ್ಣು ಬಿತ್ತು. ಇರಪ್ಪಾ, ಪ್ರಸಂಗ ಮುಗೀಲಿ ಅಂದ್ರಾ? ಚೀಟಿ ಬರ್ಕೊಡು ಅಂದ್ರಾ?"

ಅಯ್ಯನವರು ನಿಜವಾಗಿಯೂ ತಲೆ ಎತ್ತಿ ಚಿತ್ರ ನೋಡಿದರು. ನೋಡುತ್ತಾ ಅವರ ಮುಖ ಬಿಳುಪೇರಿತು.

"ನಾನೂ ನಿಮ್ಮಂಥವಳೇ," ಎಂದಳು ಬಾಗಿಲಮ್ಮ, ಈಗ ಅಳುತ್ತಾ. "ನಿಮಗಿಂತ ಕಡೆ. ನೀವು ಅವಳ ಮುಖ ನೋಡಿರಲಿಲ್ಲ. ನಾನು ನೋಡಿದ್ದೆ."

ಆಗ ಹೋದರು. ಬಿಳಿ ಬಟ್ಟೆಯ ಮುನ್ನೂರು ಜನ ಓಡಿದರು. ಮೊದಲು ತಲುಪಿದ ನಾಲ್ಕು ಜನ ತೊಲೆಗೆ ಕೈ ಹಾಕಿದರು. ಅದನ್ನೆತ್ತಲು ಎಷ್ಟು ಹೊತ್ತು ಹಿಡಿಯಿತು ಗೊತ್ತೇ? ಒಂದು ಕೀರ್ತನೆಯ ಒಂದೇ ಒಂದು ಚರಣ ಹಾಡುವಷ್ಟು. ಎತ್ತಿ ಪಕ್ಕಕ್ಕಿಟ್ಟರು. ಉಪ್ಪಿನವಳು ಮಣ್ಣಲ್ಲಿ ಮಂಡಿಯೂರಿ ಅಕ್ಕನ ಕೆನ್ನೆ ಹಿಡಿದಳು.

"ಅಕ್ಕಾ," ಎಂದಳು.

ಯಾರೂ ಹ್ಞೂಂ ಎನ್ನಲಿಲ್ಲ.

"ಅಕ್ಕಾ," ಎಂದಳು ಮತ್ತೆ. ಕೆನ್ನೆ ಇನ್ನೂ ಬೆಚ್ಚಗಿತ್ತು. ಬಾಗಿಲಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಹಿರಿಯರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಹಾಕಿಕೊಂಡು ನೋಡುವ ಧೈರ್ಯ ಅವರಿಗಿರಲಿಲ್ಲ. ಅಯ್ಯನವರು ಮುಂದೆ ಬಂದರು, ಕಣ್ಣು ಮುಚ್ಚಿದರು, ಎರಡೂ ಕೈ ಮೇಲೆತ್ತಿದರು.

"ಕರ್ತನೇ—"

"ಈಗ ಬ್ಯಾಡಿ ಅಯ್ಯನೋರೆ," ಎಂದಳು ಉಪ್ಪಿನವಳು, ತಲೆಯೆತ್ತದೆ. "ಕಾಲು ಹಿಡ್ಕಳಿ."

ಅಯ್ಯನವರು ಕೈ ಇಳಿಸಿದರು. ಮಣ್ಣಿಗಿಳಿದು, ಸುವಾರ್ತಮ್ಮನ ಜಜ್ಜಿಹೋದ ಕಾಲುಗಳನ್ನು ಹಿಡಿದುಕೊಂಡರು. ಅವರ ಬಿಳಿ ನಿಲುವಂಗಿ ರಕ್ತವಾಯಿತು. ಎಲ್ಲರೂ ಸೇರಿ ಅವಳನ್ನು ಹೊರಗೆ ತಂದು, ನೀರು ಹಾಕಿ, ಉಪ್ಪಿನವಳ ಒಂದೇ ಒಂದು ಒಳ್ಳೆಯ ಸೀರೆ ಉಡಿಸಿ, ಹಗ್ಗದ ಮಂಚದ ಮೇಲೆ ಮಲಗಿಸಿದರು. ಇನ್ನೂ ಬಿಸಿಲಿರುವಾಗಲೇ ಮಣ್ಣು ಮಾಡಲು ಹೊರಟರು. ಮಂಚದ ಮುಂದಿನ ಕಾಲಿಗೆ ಅಯ್ಯನವರು ಹೆಗಲು ಕೊಟ್ಟಿದ್ದರು, ಅವರ ಪಕ್ಕದ ಕಾಲಿಗೆ ಬಾಗಿಲಮ್ಮ. ಹೆಂಗಸರು ಹೆಗಲು ಕೊಡುವ ವಾಡಿಕೆ ಅಲ್ಲಿ ಇರಲಿಲ್ಲ. ಬೇಡವೆನ್ನುವ ಬಾಯಿ ಯಾರಿಗೂ ಇರಲಿಲ್ಲ.

ಮೂರನೆಯ ಬೀದಿಯಲ್ಲಿ ಒಬ್ಬ ಮುದುಕ ಹೊಸ್ತಿಲಿಗೆ ಬಂದು ಕೈ ಎತ್ತಿದ. ಹೆಣದ ಮೆರವಣಿಗೆಯೆಂದು ಅವನಿಗೆ ಕಾಣಿಸಿತೋ ಇಲ್ಲವೋ.

"ಅಯ್ಯನೋರಾ? ಒಸಿ ಒಳಿಕ್ಕೆ ಬತ್ತೀರಾ? ನನ್ನೆಂಡ್ತಿ ಬಚ್ಚಲಲ್ಲಿ ಜಾರಿ ಬಿದ್ದವ್ಳೆ. ನನ್ ಕೈಲಿ ಎತ್ತಕಾಯ್ತಿಲ್ಲ."

ಎಲ್ಲರ ಕಾಲೂ ನಿಂತವು. ಹಿರಿಯರು ಹಿಂದಿನಿಂದ, "ಹೆಣವನ್ನು ನಡುವೆ..." ಎಂದು ಬಾಯಿ ತೆರೆದವರು ಅಲ್ಲಿಗೇ ನುಂಗಿಕೊಂಡರು. ಅಯ್ಯನವರು ಹೆಗಲ ಮೇಲಿನ ಮಂಚ ಹಿಡಿದುಕೊಂಡೇ ಉಪ್ಪಿನವಳ ಕಡೆ ತಿರುಗಿದರು. ಕೇಳಲು ಅವರಿಗೆ ಮುಖವಿರಲಿಲ್ಲ, ಕೇಳದೆ ಹೋಗಲು ಹಕ್ಕಿರಲಿಲ್ಲ.

ಉಪ್ಪಿನವಳು ಅವರನ್ನು ನೋಡಿದಳು. ಅವಳ ಕಣ್ಣಲ್ಲಿ ಕ್ಷಮೆ ಇತ್ತೆಂದು ನಾನು ಹೇಳಲಾರೆ. ಬಾಗಿಲಮ್ಮ ಹತ್ತಿರದಿಂದ ನೋಡಿದವಳು, ಅವಳೂ ಹಾಗೆ ಹೇಳಲಿಲ್ಲ.

"ಇಳುಸ್ರಿ," ಎಂದಳು ಉಪ್ಪಿನವಳು. "ಹೋಗಿ ಎತ್ತಿ ಬನ್ನಿ. ನಮ್ಮಕ್ಕ ಕಾಯ್ತಾಳೆ. ಬೆಳಗಿಂದ ಅವ್ಳಿಗೆ ಅಭ್ಯಾಸ ಮಾಡ್ಸೀರಲ್ಲ."